ವಾಪಸ್ ಬರ್ತೀನಿ ಅಂತ ಹೇಳು

ಹೋದ ಶನಿವಾರ ಚಿಕ್ಕಪ್ಪನ ಮಗಳ ಜೊತೆ ಜಯನಗರದ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆ. ಕೆಳಗೆ ದರ್ಶಿನಿ, ಮೇಲೆ ಇವರು. ಗೋಡೆ ತುಂಬಾ ವೀಸಾ ಸಿಕ್ಕವರ ಫೋಟೊಗಳು. ಎಲ್ಲರ ಕೈಯಲ್ಲೂ ಪಾಸ್‌ಪೋರ್ಟ್, ಎಲ್ಲರ ಮುಖದಲ್ಲೂ ಒಂದೇ ಅಳತೆಯ ನಗು. ಒಳಗಿನ ರೂಮಿನಲ್ಲಿ ಒಂದು ಗಾಜಿನ ಕಿಟಕಿ ಮಾಡಿಸಿ ಇಟ್ಟಿದ್ದಾರೆ. ಆ ಕಡೆ ಒಬ್ಬ ಮೇಷ್ಟ್ರು ಕೂತು ಅಮೆರಿಕದ ಅಧಿಕಾರಿಯ ಥರ ಪ್ರಶ್ನೆ ಕೇಳ್ತಾನೆ. ಈ ಕಡೆ ನಮ್ಮ ಮಕ್ಕಳು ನಿಂತು ಉತ್ತರ ಒಪ್ಪಿಸಬೇಕು.

ನಮ್ಮ ಹುಡುಗಿ ತಿಪಟೂರಿನವಳು. ಸಿವಿಲ್ ಓದಿ, ಎರಡು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ, ಈಗ ನೀರಿನ ವಿಷಯದಲ್ಲಿ ಎಂಎಸ್ ಮಾಡೋಕೆ ಹೊರಟಿದಾಳೆ. ಯಾಕೆ ಈ ಕೋರ್ಸ್ ಅಂತ ಮೇಷ್ಟ್ರು ಕೇಳಿದ. ಇವಳು ಶುರು ಮಾಡಿದಳು ನೋಡಿ. ಅವಳಪ್ಪ ಕೊರೆಸಿದ ಬೋರ್‌ವೆಲ್‌ಗಳು, ಅದರಲ್ಲಿ ಎಷ್ಟು ಫೇಲಾದವು, ಊರಿನ ನೀರಿನಲ್ಲಿರೋ ಫ್ಲೋರೈಡು, ಅವಳಜ್ಜಿಯ ಹಲ್ಲು. ನನಗೇ ಗೊತ್ತಿರಲಿಲ್ಲ ಇಷ್ಟೆಲ್ಲ. ಮೇಷ್ಟ್ರು ಕೈ ಎತ್ತಿದ. "ಇಷ್ಟುದ್ದ ಬೇಡಮ್ಮ, ಎರಡು ಸೆಂಟೆನ್ಸ್ ಸಾಕು. ಓದು ಮುಗಿದ್ಮೇಲೆ ಏನ್ ಮಾಡ್ತೀಯ?"

"ಗೊತ್ತಿಲ್ಲ ಸರ್. ಅಲ್ಲಿ ಸ್ವಲ್ಪ ದಿನ ಕೆಲಸ ಮಾಡಿ ನೋಡ್ಬೇಕು. ಆಮೇಲೆ ಯೋಚನೆ ಮಾಡ್ತೀನಿ."

"ಮುಗೀತು. ರಿಜೆಕ್ಟ್. ನೆಕ್ಸ್ಟ್."

ಆಮೇಲೆ ಸರಿಯಾದ ಉತ್ತರ ಹೇಳಿಕೊಟ್ಟ. ನಾನು ನಮ್ಮಪ್ಪನಿಗೆ ಒಬ್ಬಳೇ ಮಗಳು, ನಮಗೆ ಎಂಟೆಕರೆ ತೆಂಗಿನ ತೋಟ ಇದೆ, ಅದನ್ನ ನೋಡ್ಕೊಳೋರು ಯಾರೂ ಇಲ್ಲ, ಹಾಗಾಗಿ ಖಂಡಿತ ವಾಪಸ್ ಬರ್ತೀನಿ.

"ನನಗೊಬ್ಬ ತಮ್ಮ ಇದಾನೆ ಸರ್. ಪಿಯುಸಿ."

"ಇರ್ಲಿ ಬಿಡಮ್ಮ, ಅವನನ್ನ ಯಾರು ಕೇಳ್ತಾರೆ?"

ಹೀಗೆ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಜಯನಗರದಲ್ಲಿ ಒಬ್ಬ ತಮ್ಮ ಕಾಣೆಯಾದ.

ನೀವು ನಗಬಹುದು. ನಾನೂ ನಕ್ಕೆ. ಆದರೆ ಮೆಟ್ಟಿಲು ಇಳಿಯುವಾಗ ಅವಳು ಕೇಳಿದಳು, "ಅಣ್ಣ, ನೀನು ಹೋದಾಗ ಏನು ಹೇಳಿದ್ದೆ?" ಆ ಪ್ರಶ್ನೆಗೆ ಉತ್ತರ ಕೊಡೋಕೇ ಇದನ್ನು ಬರೀತಿದೀನಿ. ಜೊತೆಗೆ ಒಂದಿಷ್ಟು ಜಗಳವೂ ಇದೆ.

2011ರಲ್ಲಿ ರಾತ್ರಿ ರೈಲು ಹತ್ತಿ ಚೆನ್ನೈಗೆ ಹೋದೆ. ಡಾಲರ್‌ಗೆ ನಲವತ್ತೈದು ರೂಪಾಯಿ ಇದ್ದ ಕಾಲ. ಇಸ್ತ್ರಿ ಮಾಡಿದ ಶರ್ಟು ಬೆಳಿಗ್ಗೆ ಎಂಟಕ್ಕೇ ಬೆನ್ನಿಗೆ ಅಂಟಿತ್ತು. ಕಿಟಕಿಯ ಆಚೆ ಇದ್ದ ಹೆಂಗಸು ಒಳ್ಳೆಯವಳು, ನಗುನಗುತ್ತಾ ಮಾತಾಡಿಸಿದಳು. ಮುಗಿದ ಮೇಲೆ ಏನು ಅಂತ ಕೇಳಿದಾಗ, ನಮ್ಮ ಸೋದರಮಾವನ ಕಂಪನಿ ಇದೆ, ಅದಕ್ಕೆ ಆಟೋಮೇಷನ್ ಮಾಡಿಸಬೇಕು, ಅವರು ನನಗಾಗಿ ಕಾಯ್ತಿದಾರೆ ಅಂದೆ. ಕಂಪನಿ ಅಂದ್ರೆ ಅರಸೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಪಂಪ್‌ಸೆಟ್ ಅಂಗಡಿ. ಮಾವ ಮತ್ತು ಒಬ್ಬ ಹುಡುಗ, ಇಬ್ಬರೇ ಇರ್ತಿದ್ದದ್ದು. ನಾನು ಅಮೆರಿಕಕ್ಕೆ ಹೋಗ್ತಿರೋದೇ ಮಾವನಿಗೆ ಗೊತ್ತಿರಲಿಲ್ಲ. ಎರಡು ನಿಮಿಷಕ್ಕೆ ವೀಸಾ ಸಿಕ್ತು. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. "ಏನು ಕೇಳಿದ್ರು?" ಅಂದ್ರು. "ಮಾಮೂಲಿ" ಅಂದೆ.

ಇದು ನನ್ನೊಬ್ಬನ ಕತೆ ಅಲ್ಲ ಅಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಟೀಮಿನಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ, ಎಂಎಸ್ ಮಾಡಿ ಬಂದವರನ್ನು ಕೇಳಿ ನೋಡಿ. ಎಲ್ಲರಿಗೂ ಒಂದು ತೋಟ, ಒಂದು ಮಾವನ ಕಂಪನಿ, ಒಬ್ಬ ಹಾಸಿಗೆ ಹಿಡಿದ ಅಜ್ಜಿ ಇರ್ತಾರೆ. ಕಿಟಕಿ ಮುಂದೆ ನಿಂತ ಎರಡು ನಿಮಿಷದ ಮಟ್ಟಿಗೆ.

ಈ ಸುಳ್ಳು ಎಲ್ಲಿಂದ ಹುಟ್ಟುತ್ತೆ? ಮೇಷ್ಟ್ರನ್ನು ಬೈದು ಮುಗಿಸಬಹುದು, ಆದರೆ ಅವನ ಕಿಟಕಿಯ ಹಿಂದೆ ಒಂದು ಕಾನೂನಿದೆ. 1952ರ ಅಮೆರಿಕದ ವಲಸೆ ಕಾಯ್ದೆಯ 214(ಬಿ). ಅದರ ಸಾರ ಇಷ್ಟು. ವೀಸಾ ಕೇಳಲು ಬಂದವನು ನಮ್ಮ ದೇಶದಲ್ಲೇ ಉಳಿಯೋಕೆ ಬಂದವನು ಅಂತಲೇ ಮೊದಲು ತಿಳಿಯತಕ್ಕದ್ದು. ಅಲ್ಲ ಅಂತ ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊಣೆ ಬಂದವನದ್ದೇ. ಜೊತೆಗೆ ವಿದ್ಯಾರ್ಥಿಗಳ ಎಫ್-1 ವೀಸಾದ ವ್ಯಾಖ್ಯೆಯಲ್ಲಿ ಇನ್ನೊಂದು ಮಾತು ಸೇರಿದೆ. ತನ್ನ ದೇಶದಲ್ಲಿ ಒಂದು ಮನೆ ಇರಬೇಕು, ಅದನ್ನು ಬಿಡುವ ಉದ್ದೇಶ ಇರಬಾರದು. ನಿರಾಕರಿಸಿದರೆ ಈ ಸೆಕ್ಷನ್ ಹೆಸರಿರುವ ಒಂದು ಅಚ್ಚು ಹಾಕಿದ ಕಾಗದ ಕೈಗೆ ಬರುತ್ತೆ. ಮೇಲ್ಮನವಿ ಇಲ್ಲ. ಕೋರ್ಟಿಗೆ ಹೋಗಿ ಕೇಳುವಂತಿಲ್ಲ. ಇನ್ನೊಂದು ಸಲ 185 ಡಾಲರ್ ಕಟ್ಟಿ, ಇನ್ನೊಂದು ಸ್ಲಾಟ್ ಹಿಡಿದು, ಇನ್ನೊಂದು ಕಿಟಕಿ ಮುಂದೆ ನಿಲ್ಲಬೇಕು ಅಷ್ಟೇ.

ಈಗ ಇದೇ ದೇಶದ ಬಲಗೈ ಏನು ಮಾಡ್ತಿದೆ ನೋಡಿ. ಓದು ಮುಗಿಸಿದ ವಿದ್ಯಾರ್ಥಿಗೆ ಒಂದು ವರ್ಷ ಕೆಲಸ ಮಾಡೋ ಅವಕಾಶ ಕೊಡುತ್ತೆ, ಓಪಿಟಿ ಅಂತ. ವಿಜ್ಞಾನ, ಇಂಜಿನಿಯರಿಂಗ್ ಓದಿದ್ರೆ ಇನ್ನೂ ಎರಡು ವರ್ಷ. ಕಾಲೇಜುಗಳು ತಮ್ಮ ಬ್ರೋಷರಿನಲ್ಲೇ ಅಚ್ಚು ಹಾಕಿಸ್ತವೆ, ನಮ್ಮ ಕೋರ್ಸು ಸ್ಟೆಮ್ ಪಟ್ಟಿಯಲ್ಲಿದೆ ಅಂತ. ಯಾಕೆ? ಫೀಸು ಕಟ್ಟೋಕೆ ನಾವು ಒಪ್ಪೋದೇ ಆ ಮೂರು ವರ್ಷದ ಆಸೆಗೆ ಅಂತ ಅವರಿಗೆ ಗೊತ್ತು. 2023-24ರಲ್ಲಿ ಅಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಹದಿನೈದು ವರ್ಷದಲ್ಲಿ ಮೊದಲ ಸಲ ಚೀನಾಕ್ಕಿಂತ ಜಾಸ್ತಿ. ಇಷ್ಟೂ ಜನ ತೋಟ ನೋಡ್ಕೊಳೋಕೆ ವಾಪಸ್ ಬರೋರೇ ಅಂತ ನಂಬೋ ಒಬ್ಬ ಅಧಿಕಾರಿ ಆ ದೇಶದಲ್ಲಿ ಇದಾನೆ ಅಂದ್ಕೊಂಡ್ರಾ? ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಆದರೂ ಹೇಳಿಸಬೇಕು. ಸತ್ಯ ತಿಳಿಯಲಿ ಅಂತ ಕೇಳೋ ಪ್ರಶ್ನೆಯೇ ಅಲ್ಲ ಇದು. ಬಾಗ್ತಾನೋ ಇಲ್ಲವೋ ಅಂತ ನೋಡೋ ಪ್ರಶ್ನೆ.

ಇದಕ್ಕಿಂತ ತಮಾಷೆ ಇನ್ನೊಂದಿದೆ. ಎಚ್-1ಬಿ ವೀಸಾದಲ್ಲಿ ಹೋಗುವವರಿಗೆ ಈ ಪ್ರಶ್ನೆಯೇ ಇಲ್ಲ. 1990ರಿಂದ ಅವರು ಕೆಲಸಕ್ಕೂ ಬಂದೆ, ಉಳಿಯೋಕೂ ಮನಸ್ಸಿದೆ ಅಂತ ರಾಜಾರೋಷವಾಗಿ ಹೇಳಬಹುದು. ಇಪ್ಪತ್ತೆಂಟರ ಸಾಫ್ಟ್‌ವೇರ್ ಇಂಜಿನಿಯರ್‌ಗೆ ಎರಡು ಮನಸ್ಸು ಇರಬಹುದಂತೆ. ಇಪ್ಪತ್ತೆರಡರ ಹುಡುಗಿಗೆ ಇರಬಾರದಂತೆ. ಇಪ್ಪತ್ತೆರಡಕ್ಕೆ ಎರಡಲ್ಲ ಕಣ್ರೀ, ಹತ್ತು ಮನಸ್ಸು ಇರುತ್ತೆ. ಅದೇ ಆ ವಯಸ್ಸಿನ ಲಕ್ಷಣ. ಎರಡು ವರ್ಷ ಆದ್ಮೇಲೆ ಎಲ್ಲಿರ್ತೀಯ ಅಂತ ನನ್ನನ್ನ ಇವತ್ತು ಕೇಳಿ, ನಲವತ್ತು ಹತ್ತಿರ ಬಂತು, ನನಗೇ ಗೊತ್ತಿಲ್ಲ.

ವಿದ್ಯಾರ್ಥಿಗಳಿಗೂ ಎರಡು ಮನಸ್ಸಿನ ಹಕ್ಕು ಕೊಡೋಣ ಅನ್ನೋ ಅಂಶ 2021ರಲ್ಲಿ ಬೈಡನ್ ಸರ್ಕಾರದ ದೊಡ್ಡ ವಲಸೆ ಮಸೂದೆಯಲ್ಲಿತ್ತು. ಮಸೂದೆ ಪಾಸಾಗಲಿಲ್ಲ. ಅಧಿಕಾರಿಗಳ ಕೈಪಿಡಿಯ ಮಾತು 2017ರಲ್ಲಿ ಬಿಗಿಯಾಯ್ತು, 2021ರಲ್ಲಿ ಸಡಿಲವಾಯ್ತು. ಕಾನೂನು ಮಾತ್ರ ಇದ್ದಲ್ಲೇ ಇದೆ.

ಅವರ ದೇಶ, ಅವರ ರೂಲ್ಸು, ಬೇಡ ಅಂದ್ರೆ ಹೋಗಬೇಡಿ ಅಂತ ಕೆಲವರು ಹೇಳ್ತೀರಿ. ಒಪ್ಪಿದೆ. ಯಾರನ್ನು ಒಳಗೆ ಬಿಡಬೇಕು, ಎಷ್ಟು ಜನರನ್ನು ಬಿಡಬೇಕು ಅನ್ನೋದು ಅವರ ಹಕ್ಕು. ಮಾರ್ಕ್ಸ್ ಕಾರ್ಡು ನೋಡಲಿ, ಕಾಲೇಜು ಅಸಲಿಯೋ ನಕಲಿಯೋ ನೋಡಲಿ, ದುಡ್ಡಿದೆಯಾ ಅಂತ ನೋಡಲಿ, ಪೊಲೀಸ್ ಕೇಸಿದೆಯಾ ನೋಡಲಿ. ಅವಧಿ ಮುಗಿದ ಮೇಲೂ ಉಳಿದರೆ ಹಿಡಿದು ಕಳಿಸಲಿ. ಇದೆಲ್ಲ ಪರಿಶೀಲಿಸಬಹುದಾದ ವಿಷಯ. ಮನಸ್ಸಿನ ಒಳಗೆ ಏನಿದೆ ಅನ್ನೋದು ಪರಿಶೀಲಿಸಬಹುದಾದ ವಿಷಯ ಅಲ್ಲ. ಅದನ್ನು ಪರೀಕ್ಷೆಗೆ ಇಟ್ಟರೆ ಪಾಸಾಗೋದು ಪ್ರಾಮಾಣಿಕರಲ್ಲ, ಚೆನ್ನಾಗಿ ನಟಿಸೋರು. ಚೆನ್ನಾಗಿ ನಟಿಸೋರು ಅಂದ್ರೆ ನಲವತ್ತು ಸಾವಿರ ಕೊಟ್ಟು ಗಾಜಿನ ಕಿಟಕಿ ಮುಂದೆ ಪ್ರಾಕ್ಟೀಸ್ ಮಾಡಿದೋರು. ಇಂಗ್ಲಿಷ್ ಮೀಡಿಯಂನವರು. ತಡವರಿಸದವರು. ನಮ್ಮ ಹುಡುಗಿ ಬೋರ್‌ವೆಲ್ ಬಗ್ಗೆ ತಡವರಿಸಲಿಲ್ಲ. ಇಲ್ಲದ ತಮ್ಮನ ಬಗ್ಗೆ, ಅಲ್ಲಲ್ಲ, ಇರೋ ತಮ್ಮನ್ನ ಇಲ್ಲ ಅನ್ನುವಾಗ ತಡವರಿಸಿದಳು.

ಹೋಲಿಕೆಗೆ ಜರ್ಮನಿ ನೋಡಿ. ಅವರೇನು ಧರ್ಮರಾಯರಲ್ಲ. ಭಾರತೀಯರಿಗೆ ಎಪಿಎಸ್ ಸರ್ಟಿಫಿಕೇಟು ಕಡ್ಡಾಯ ಮಾಡಿ ಸತಾಯಿಸ್ತಾರೆ, ಒಂದು ವರ್ಷದ ಖರ್ಚು 11,904 ಯೂರೊ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಿ ಅಂತಾರೆ, ತಿಂಗಳಿಗೆ 992 ಮಾತ್ರ ಬಿಡ್ತಾರೆ. ಆದರೆ ಡಿಗ್ರಿ ಮುಗಿಸಿದ ಮೇಲೆ 18 ತಿಂಗಳು ಇದ್ದು ಕೆಲಸ ಹುಡುಕಬಹುದು ಅಂತ ಅವರ ಕಾನೂನೇ ಬಾಯಿಬಿಟ್ಟು ಹೇಳುತ್ತೆ. ದುಡ್ಡು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕಷ್ಟವೇ. ಆದರೆ ಲೆಕ್ಕದ ಕಷ್ಟ, ನಾಟಕದ ಕಷ್ಟ ಅಲ್ಲ.

ಲೆಕ್ಕ ಅಂದೆನಲ್ಲ, ಚಿಕ್ಕಪ್ಪನ ವಿಷಯಕ್ಕೆ ಬರ್ತೀನಿ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ.

ಎಂಟೆಕರೆ ತೋಟ ಇರೋದು ನಿಜ. ಮಾರಿದರೆ ಕೋಟಿಗೆ ಮೋಸ ಇಲ್ಲ. ಆದರೆ ಕೃಷಿ ಜಮೀನನ್ನು ಓದಿನ ಸಾಲಕ್ಕೆ ಅಡಮಾನವಾಗಿ ಒಪ್ಪೋ ಬ್ಯಾಂಕು ಸಿಗಲಿಲ್ಲ. ಊರಿನ ಮನೆಗೆ ಕಾಗದಪತ್ರ ಸರಿಯಿಲ್ಲ, ಇನ್ನೂ ಅಜ್ಜನ ಹೆಸರಲ್ಲೇ ಇದೆ. ಕೊಬ್ಬರಿ ದುಡ್ಡು ಬರೋದು ವರ್ಷಕ್ಕೆ ಒಂದೆರಡು ಸಲ, ಅದೂ ಎಪಿಎಂಸಿ ಹರಾಜಿನ ದರದ ಮೇಲೆ. ಸ್ಯಾಲರಿ ಸ್ಲಿಪ್ ಅನ್ನೋದು ಅವರ ಜೀವನದಲ್ಲೇ ಇಲ್ಲ. ಕೊನೆಗೆ ಒಂದು ಖಾಸಗಿ ಫೈನಾನ್ಸ್ ಕಂಪನಿ ಜಾಸ್ತಿ ಬಡ್ಡಿಗೆ ಸಾಲ ಮಂಜೂರು ಮಾಡ್ತು. ಅದು ಮೊದಲ ವರ್ಷದ ಫೀಸು, ಖರ್ಚಿಗೆ ಸಾಕಾಗುತ್ತೆ. ಐ-20ಕ್ಕೂ ಸಾಕು.

ಆದರೆ ಕನ್ಸಲ್ಟೆನ್ಸಿಯವನಿಗೆ ಸಾಕಾಗಲಿಲ್ಲ. "ಪ್ರೊಫೈಲ್ ವೀಕ್ ಸಾರ್, ಸ್ವಲ್ಪ ಸ್ಟ್ರಾಂಗ್ ಮಾಡೋಣ" ಅಂದ. ಅವನ ಕಡೆ ಒಂದು ಪಾರ್ಟಿ ಇದೆಯಂತೆ. ಚಿಕ್ಕಪ್ಪನ ಅಕೌಂಟಿಗೆ ಮೂವತ್ತು ಲಕ್ಷ ಹಾಕ್ತಾರೆ, ಬ್ಯಾಂಕಿನಿಂದ ಲೆಟರ್ ತಗೊಳ್ಳೋದು, ಇಂಟರ್‌ವ್ಯೂ ಮುಗಿದ ಮೇಲೆ ದುಡ್ಡು ವಾಪಸ್. ಅದಕ್ಕೆ ಇಷ್ಟು ಪರ್ಸೆಂಟು. ಜೊತೆಗೆ ಒಬ್ಬ ಆಡಿಟರ್ ತೋಟಕ್ಕೆ, ಮನೆಗೆ, ಚಿಕ್ಕಮ್ಮನ ಒಡವೆಗೆ ಒಂದು ಮೌಲ್ಯ ಬರೆದು ಸೀಲು ಹಾಕಿ ಕೊಡ್ತಾನೆ. ಎಷ್ಟು ಬೇಕೋ ಅಷ್ಟು. "ಎಲ್ರೂ ಮಾಡ್ಸೋದೇ ಸಾರ್."

ಚಿಕ್ಕಪ್ಪ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ರು, "ಆ ದುಡ್ಡು ನಮ್ದಲ್ವಲ್ಲಪ್ಪ?"

ಮಂಡಿಯಲ್ಲಿ ಚಿಕ್ಕಪ್ಪನ ಹೆಸರು ಕೇಳಿ ನೋಡಿ. ಹಸಿ ಕೊಬ್ಬರಿ ಬೆರೆಸದ ಮನುಷ್ಯ ಅಂತ ಹೇಳ್ತಾರೆ. ಅವರ ಚೀಲ ಬಿಚ್ಚಿ ನೋಡದೆ ಕೂಗೋರು ಇದಾರೆ. ಮೂವತ್ತೈದು ವರ್ಷ ಕಷ್ಟಪಟ್ಟು ಉಳಿಸ್ಕೊಂಡ ಹೆಸರು ಅದು. ಅಂಥವರ ಹತ್ತಿರ, ಮಗಳ ಭವಿಷ್ಯ ಅನ್ನೋ ಒಂದು ಮಾತು ಮುಂದಿಟ್ಟು, ಸುಳ್ಳು ಪಾಸ್‌ಬುಕ್ಕಿಗೆ ಸೈನ್ ಹಾಕಿಸೋಕೆ ಹೊರಟಿದ್ದೀವಿ ನಾವು. ನಾವು ಅಂತಲೇ ಹೇಳ್ತೀನಿ, ಯಾಕಂದ್ರೆ ಆ ಕನ್ಸಲ್ಟೆನ್ಸಿಯ ನಂಬರ್ ಕೊಟ್ಟಿದ್ದು ನಾನೇ.

ಆ ಪಾರ್ಟಿ ಹೇಳದ ಒಂದು ವಿಷಯ ಇದೆ, ಅದನ್ನ ನೀವು ನಿಮ್ಮ ತಮ್ಮ ತಂಗಿಯರಿಗೆ ಹೇಳಿ. ವೀಸಾಕ್ಕಾಗಿ ಬೇಕಂತಲೇ ಸುಳ್ಳು ಮಾಹಿತಿ ಕೊಟ್ಟದ್ದು, ಸುಳ್ಳು ದಾಖಲೆ ತೋರಿಸಿದ್ದು ಸಾಬೀತಾದರೆ, ಅದು 214(ಬಿ) ಥರ ಮತ್ತೆ ಅರ್ಜಿ ಹಾಕಿದ್ರೆ ಹೋಗೋ ಕಲೆ ಅಲ್ಲ. ಅದಕ್ಕೆ ಬೇರೆ ಸೆಕ್ಷನ್ ಇದೆ. ಜೀವಮಾನ ಪೂರ್ತಿ ನಿಷೇಧ, ವಿನಾಯಿತಿ ಸಿಕ್ಕಿದರೆ ಮಾತ್ರ ಪ್ರವೇಶ. ಹತ್ತು ವರ್ಷ ಆದ್ಮೇಲೆ ಕಂಪನಿ ಕಳಿಸಿದರೂ, ಮಗನ ಮನೆಗೆ ಹೋಗ್ತೀನಿ ಅಂದರೂ, ಆ ಹಳೇ ಫೈಲು ಎದ್ದು ಕೂರುತ್ತೆ. ಕಮಿಷನ್ ತಗೊಂಡವನು ಅಷ್ಟು ಹೊತ್ತಿಗೆ ಬೋರ್ಡು ಬದಲಾಯಿಸಿರ್ತಾನೆ.

ಸುಳ್ಳಿನ ವಿಷಯಕ್ಕೇ ಬಂದರೆ, ಸುಳ್ಳು ಒಂದೇ ಕಡೆಯಿಂದ ಬಂದಿಲ್ಲ. 2019ರ ಜನವರಿ ನೆನಪಿದೆಯಾ? ಮಿಷಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ. ವೆಬ್‌ಸೈಟಿತ್ತು, ಲಾಂಛನ ಇತ್ತು, ಫೀಸಿತ್ತು, ಎಫ್-1 ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದಾದ ಕಾಲೇಜುಗಳ ಸರ್ಕಾರಿ ಪಟ್ಟಿಯಲ್ಲಿ ಹೆಸರೂ ಇತ್ತು. ಇರಲಿಲ್ಲದ್ದು ಪಾಠ ಮತ್ತು ಮೇಷ್ಟ್ರು. ಯಾಕಂದ್ರೆ ಅದನ್ನು ನಡೆಸ್ತಿದ್ದದ್ದು ಅಮೆರಿಕದ ಗೃಹಭದ್ರತಾ ಇಲಾಖೆಯ ಏಜೆಂಟರು. ಬಲೆಗೆ ಬಿದ್ದು ಬಂಧನವಾದ ಸುಮಾರು 130 ವಿದ್ಯಾರ್ಥಿಗಳಲ್ಲಿ 129 ಜನ ಭಾರತೀಯರು. ಅವರಲ್ಲಿ ಬಹಳಷ್ಟು ಜನರಿಗೆ ಅಲ್ಲಿ ಓದು ನಡೀತಿಲ್ಲ ಅಂತ ಗೊತ್ತಿತ್ತು, ವೀಸಾ ಉಳಿಸ್ಕೊಳೋಕೆ ಸೇರಿದ್ರು ಅಂತ ಸರ್ಕಾರ ಹೇಳ್ತು. ಇರಬಹುದು. ನಾನು ಅವರಿಗೆ ಹಾರ ಹಾಕ್ತಿಲ್ಲ. ಆದರೆ ಒಂದು ಸರ್ಕಾರ ಸುಳ್ಳು ಕಾಲೇಜು ಕಟ್ಟಿ, ಸುಳ್ಳು ಹೆಸರಿನ ಸಿಬ್ಬಂದಿ ಇಟ್ಟು, ನಿಜವಾದ ಡಾಲರ್ ವಸೂಲಿ ಮಾಡಿ, ಆಮೇಲೆ ನಮ್ಮ ಹುಡುಗರಿಗೆ ಪ್ರಾಮಾಣಿಕತೆ ಬಗ್ಗೆ ಪಾಠ ಹೇಳೋದನ್ನ ಕೈಕಟ್ಟಿ ಕೇಳೋಕೆ ನನಗಾಗಲ್ಲ.

ಈಗ ಹೊಸದೊಂದು ಸೇರಿದೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳೋರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಪಬ್ಲಿಕ್ ಮಾಡಿಡಬೇಕು. ಹುಡುಗಿ ತನ್ನ ಇನ್‌ಸ್ಟಾಗ್ರಾಮ್ ತೆಗೆದು ನನ್ನೆದುರಿಗೇ ಒಂದೊಂದೇ ಅಳಿಸುತ್ತಾ ಕೂತಳು. ಕಾಲೇಜಿನ ಟ್ರಿಪ್ಪು, ಯಾವುದೋ ಪ್ರತಿಭಟನೆಯಲ್ಲಿ ಬೋರ್ಡು ಹಿಡಿದ ಫೋಟೊ, ಒಂದು ಕಾರ್ಟೂನು. "ಇದು ಇರ್ಲಾ ಅಣ್ಣ?" ಅಂತ ಕೇಳ್ತಾಳೆ. ನನಗೇನು ಗೊತ್ತಮ್ಮ. ಬೋರ್‌ವೆಲ್ ಫೋಟೊ ಮಾತ್ರ ಇಟ್ಟುಕೊಂಡಳು.

ಇನ್ನು ನಮ್ಮ ದೇಶಭಕ್ತ ಅಂಕಲ್‌ಗಳು. ಓದಿಸಿದ್ದು ಈ ದೇಶ, ದುಡಿಯೋದು ಆ ದೇಶಕ್ಕೆ, ವಾಪಸ್ ಬರಬೇಕು ಅಂತ ಅವರೂ ಆಣೆ ಕೇಳ್ತಾರೆ. ಅಂದ್ರೆ ಅಮೆರಿಕದ ಅಧಿಕಾರಿ ಮತ್ತು ಬಸವನಗುಡಿಯ ಅಂಕಲ್, ಇಬ್ಬರದ್ದೂ ಒಂದೇ ಪ್ರಶ್ನೆ! ಅವರಿಗೊಂದು ಮಾತು. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ. ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು ಅಂತ ಕರಾರು ಇತ್ತು. ಅದು ಸರಿಯಾದ ಕರಾರು. ದುಡ್ಡು ಕೊಟ್ಟವರು ಕೇಳಿದರು, ತಗೊಂಡವರು ಸಹಿ ಹಾಕಿದರು. ಅವರು ಬಂದರು, ಬರೋಡಾದಲ್ಲಿ ಕೆಲಸಕ್ಕೂ ಸೇರಿದರು. ಆದರೆ ಜಾತಿ ಕಾರಣಕ್ಕೆ ಆ ಊರಿನಲ್ಲಿ ಅವರಿಗೆ ಇರೋಕೆ ಒಂದು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದಲೂ ಹೊರಗೆ ಹಾಕಿದರು. ವಾಪಸ್ ಬಾ ಅನ್ನೋ ಮೊದಲು ಬಂದವರನ್ನು ಏನು ಮಾಡಿದೆವು ಅಂತಲೂ ಲೆಕ್ಕ ಇಡಬೇಕಾಗುತ್ತೆ ಅಂಕಲ್. ಚಿಕ್ಕಪ್ಪನ ಮಗಳಿಗೆ ಸಂಸ್ಥಾನವೂ ದುಡ್ಡು ಕೊಟ್ಟಿಲ್ಲ, ನೀವೂ ಕೊಟ್ಟಿಲ್ಲ. ಬಡ್ಡಿ ಕಟ್ಟೋದು ಅವಳೇ.

ನನ್ನ ಕತೆ ಅರ್ಧಕ್ಕೇ ನಿಲ್ಲಿಸಿದ್ದೆ. ಮಾವನ ಕಂಪನಿಗೆ ವಾಪಸ್ ಬರ್ತೀನಿ ಅಂತ ಸುಳ್ಳು ಹೇಳಿ ಹೋದೆನಲ್ಲ, 2013ರಲ್ಲಿ ಓದು ಮುಗೀತು, ಕೆಲಸ ಸಿಕ್ತು. ಎಚ್-1ಬಿಗೆ ಲಾಟರಿ. ವರ್ಷಕ್ಕೆ 65 ಸಾವಿರ, ಅಲ್ಲಿ ಮಾಸ್ಟರ್ಸ್ ಮಾಡಿದೋರಿಗೆ ಇನ್ನೊಂದು 20 ಸಾವಿರ. 2014ರಲ್ಲಿ ಹೆಸರು ಬರಲಿಲ್ಲ. 2015ರಲ್ಲೂ ಬರಲಿಲ್ಲ. ಓಪಿಟಿ ಮುಗೀತು, ಸೂಟ್‌ಕೇಸ್ ಕಟ್ಟಿದೆ. ಅಂದ್ರೆ ನಾನು ಕಿಟಕಿಯಲ್ಲಿ ಹೇಳಿದ ಮಾತು ಅಕ್ಷರಶಃ ನಿಜ ಆಯ್ತು, ನನ್ನ ಮನಸ್ಸಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲದೆ. ನನ್ನ ರೂಮ್‌ಮೇಟ್ ಒಬ್ಬ ಇದ್ದ, ಧಾರವಾಡದ ಕಡೆಯವನು. ಅವನು ನಿಜವಾಗಲೂ ವಾಪಸ್ ಹೋಗಬೇಕು ಅಂತಲೇ ಬಂದಿದ್ದ, ದಿನಾ ಅದನ್ನೇ ಹೇಳ್ತಿದ್ದ. ಲಾಟರಿಯಲ್ಲಿ ಮೊದಲ ಸಲಕ್ಕೇ ಬಂತು. ಈಗ ಅಲ್ಲೇ ಇದಾನೆ, ಗ್ರೀನ್ ಕಾರ್ಡ್ ಸಾಲಿನಲ್ಲಿ. ಇಬ್ಬರ ಮನಸ್ಸನ್ನೂ ಪರೀಕ್ಷೆ ಮಾಡಿದ ಆ ಎರಡು ನಿಮಿಷ ಏನನ್ನು ಕಂಡುಹಿಡೀತು ಅಂತ ನೀವೇ ಹೇಳಿ.

ಇದನ್ನೆಲ್ಲ ಅವಳಿಗೆ ಹೇಳಿದೆ. ಜಯನಗರದಿಂದ ಮೆಜೆಸ್ಟಿಕ್ಕಿನವರೆಗೆ ಹೇಳಿದೆ. ಮಾವನ ಪಂಪ್‌ಸೆಟ್ ಅಂಗಡಿ ಕೇಳಿ ಮೆಟ್ರೋದಲ್ಲಿ ಅಕ್ಕಪಕ್ಕದವರು ತಿರುಗಿ ನೋಡೋ ಹಾಗೆ ನಕ್ಕಳು. ಆಮೇಲೆ ಸುಮ್ಮನಾದಳು. ಸುಳ್ಳು ಹೇಳಬೇಡ ಅಂತ ನಾನು ಹೇಳಲಿಲ್ಲ. ಅದನ್ನು ಹೇಳೋ ಮುಖ ನನಗಿಲ್ಲ. ಎಸ್‌ಒಪಿ ತಿದ್ದಿಕೊಡು ಅಂತ ಬರುವ ಹುಡುಗರಿಗೆಲ್ಲ "ಕೊನೇ ಪ್ಯಾರಾದಲ್ಲಿ ಇಂಡಿಯಾಕ್ಕೆ ವಾಪಸ್ ಬರೋದನ್ನ ಸೇರಿಸು" ಅಂತ ಹತ್ತು ವರ್ಷ ಸಲಹೆ ಕೊಟ್ಟವನು ನಾನು. ನೀವೂ ಕೊಟ್ಟಿರ್ತೀರಿ. ಅದನ್ನು ಮಾತ್ರ ಇನ್ನು ಕೊಡಲ್ಲ.

ಸೋಮವಾರ ಚಿಕ್ಕಪ್ಪನ ಫೋನ್ ಬಂತು. ಪಾರ್ಟಿಗೆ ಬೇಡ ಅಂದ್ಬಿಟ್ರಂತೆ. "ಸಾಲದ ಕಾಗದ ಇದೆಯಲ್ಲಪ್ಪ, ಅದು ನಮ್ದೇ ತಾನೆ, ಅದನ್ನೇ ತೋರಿಸ್ಲಿ. ಕೊಟ್ರೆ ಕೊಡ್ಲಿ." ಕನ್ಸಲ್ಟೆನ್ಸಿಯವನು ಹಾಗಾದ್ರೆ ನಮ್ಮ ಗ್ಯಾರಂಟಿ ಇಲ್ಲ ಅಂದನಂತೆ. ಕಟ್ಟಿದ ದುಡ್ಡು ವಾಪಸ್ ಇಲ್ಲ ಅಂತಲೂ ಅಂದನಂತೆ.

ಅವಳಿಗೆ ಸ್ಲಾಟ್ ಸಿಕ್ಕಿರೋದು ಹೈದರಾಬಾದಿನಲ್ಲಿ. ಬೆಂಗಳೂರಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ನಾವೆಲ್ಲ ಪಟಾಕಿ ಹೊಡೆದೆವು. ವೀಸಾ ಇಂಟರ್‌ವ್ಯೂ ಅಲ್ಲಿ ಆಗಲೇ ಶುರುವಾಗಲಿಲ್ಲ. ಹಾಗಾಗಿ ಮತ್ತದೇ ರಾತ್ರಿ ಬಸ್ಸು. ಮೊನ್ನೆ ವಾಟ್ಸಾಪಿನಲ್ಲಿ ತನ್ನ ಉತ್ತರ ಬರೆದು ಕಳಿಸಿದ್ದಾಳೆ, ನೋಡಿ ಹೇಳು ಅಂತ. ನಾನು ಓದೋಕೆ ಹೋಗ್ತಿದೀನಿ. ಮುಗಿದ ಮೇಲೆ ನಿಮ್ಮ ಕಾನೂನು ಎಷ್ಟು ದಿನ ಇರು ಅನ್ನುತ್ತೋ ಅದಕ್ಕಿಂತ ಒಂದು ದಿನ ಜಾಸ್ತಿ ಇರಲ್ಲ. ನನ್ನ ಮನೆ ತಿಪಟೂರು. ಅಲ್ಲಿ ಅಪ್ಪ, ಅಮ್ಮ, ಅಜ್ಜಿ ಮತ್ತು ತಮ್ಮ ಇದ್ದಾರೆ.

ನಾನು ಒಂದು ಸ್ಪೆಲ್ಲಿಂಗ್ ತಿದ್ದಿ ವಾಪಸ್ ಕಳಿಸಿದೆ. ಇಂಟರ್‌ವ್ಯೂ ಬರೋ ಗುರುವಾರ.